ನಾನು ತಿದ್ದಿದ ಈಜುರೆಕ್ಕೆಗಳು

ಮಾಮನ ಬಲಗೈಯ ಮೂರು ಬೆರಳುಗಳು ಉಗುರಿನ ಬುಡದವರೆಗೆ ಕಂದುಗಟ್ಟಿದ್ದವು. ಫೋಟೋ ತೊಳೆಯುವ ಮದ್ದಿನ ಕಲೆ. ಸಾಬೂನಿಗೂ ಹುಣಸೆಹುಳಿಗೂ ಜಗ್ಗುತ್ತಿರಲಿಲ್ಲ. ಕಾಪುವಿನಲ್ಲಿ ಅವರದೊಂದು ಸ್ಟುಡಿಯೋ. ಗಲ್ಫಿಗೆ ಹೊರಟವರೆಲ್ಲ ಪಾಸ್‌ಪೋರ್ಟ್ ಫೋಟೋಕ್ಕೆ ಅಲ್ಲಿಗೇ ಬಂದು ಬೈಗುಳ ತಿನ್ನುತ್ತಿದ್ದರು. "ಒಂದು ಗಳಿಗೆ ಕಣ್ಣು ಬಿಟ್ಟು ಕೂರಲಿಕ್ಕೆ ನಿನಗೆಂತ ಕಷ್ಟ ಮಾರಾಯ?" ಹಸಿ ಪ್ರಿಂಟಿಗೆ ನನ್ನ ಹೆಬ್ಬೆರಳು ತಾಗಿದರಂತೂ ರಸ್ತೆಗೆ ಕೇಳುವಷ್ಟು ಕೂಗಾಟ.

ನಾನು ಶಂಕರಪುರದವಳು. ಅಮ್ಮ ಮಲ್ಲಿಗೆ ಕಟ್ಟುವವರು. ನನ್ನ ಬೆರಳೂ ಚುರುಕೆಂದು ಎಪ್ಪತ್ತೆಂಟರಲ್ಲಿ ಕೆಲಸಕ್ಕೆ ತೆಗೆದುಕೊಂಡರು. ಅವರನ್ನು ನಾನು ಮಾಮ ಎಂದೇ ಕರೆಯುತ್ತಿದ್ದೆ. ಪ್ರಿಂಟಿನ ಬಿಳಿ ಚುಕ್ಕೆ, ಗೀರುಗಳಿಗೆ ಸಪೂರ ಬ್ರಶ್ಶಿನಿಂದ ಕಪ್ಪು ಶಾಯಿ ತುಂಬುವುದನ್ನು ಕಲಿಸಿದರು. "ನೋಡಿದವರಿಗೆ ಗೊತ್ತೇ ಆಗಬಾರದು" ಎನ್ನುತ್ತಿದ್ದರು.

ಭಾನುವಾರ ಮಾತ್ರ ಅವರು ದೀಪಸ್ತಂಭದ ಬಂಡೆ ಹತ್ತಿ ಡಾಲ್ಫಿನ್‌ಗಳ ಫೋಟೋ ತೆಗೆಯುತ್ತಿದ್ದರು. ಅವು ತಿಮಿಂಗಿಲದ ಕುಲದವು. ಪ್ರತಿಯೊಂದರ ಬೆನ್ನಿನ ಈಜುರೆಕ್ಕೆಯಲ್ಲೂ ಬೇರೆ ಬೇರೆ ಕಚ್ಚು, ಹರಕು. ಆರು ವರ್ಷದ ಫೋಟೋಗಳನ್ನು ಹೊಂದಿಸಿ ನೋಡಿದರೆ ಬರುತ್ತಿದ್ದದ್ದು ಅವೇ ಹನ್ನೊಂದು. "ಸಮುದ್ರ ತುಂಬ ಉಂಟು ಅಂತ ಎಲ್ಲರೂ ತಿಳಿದದ್ದು. ಇರುವುದು ಇಷ್ಟೇ, ಮಾರಾಯ್ತಿ." ನಾನು ಹ್ಞೂಂಗುಟ್ಟಿದ್ದೇ ಬಂತು, ಕಿವಿಗೆ ಹಾಕಿಕೊಂಡಿರಲಿಲ್ಲ. ಆಗಷ್ಟೇ ಮೀನಿನ ಹಿಂಡನ್ನೇ ಸುತ್ತುವರಿದು ಎಳೆಯುವ ದೊಡ್ಡ ಸುತ್ತುಬಲೆಗಳು ಬಂದಿದ್ದವು. ಸಿಕ್ಕಿಕೊಂಡ ಡಾಲ್ಫಿನ್ ಉಸಿರಿಗೆ ನೀರಿನ ಮೇಲೆ ಬರಲಾಗದೆ ಸಾಯುತ್ತಿತ್ತು. ಆ ಬಂಡೆಗಳ ಹತ್ತಿರವಾದರೂ ಬಲೆ ಬಿಡದಂತೆ ಆದೇಶ ಕೊಡಿ ಎಂದು ಉಡುಪಿಯ ಮೀನುಗಾರಿಕೆ ಅಧಿಕಾರಿಯನ್ನು ಕೇಳುವುದೆಂದಾಯಿತು. ಹನ್ನೊಂದು ಪುಟದ ಆಲ್ಬಮ್. ಪುಟಕ್ಕೊಂದು ಡಾಲ್ಫಿನ್, ಹಳೆಯದೊಂದು ಹೊಸದೊಂದು ಫೋಟೋ.

ಅಧಿಕಾರಿಯನ್ನು ಕಾಣುವ ಹಿಂದಿನ ದಿನ ಮಾಮ ಕಾರ್ಕಳದ ಮದುವೆಗೆ ಕ್ಯಾಮೆರಾ ಹಿಡಿದು ಹೋಗಿದ್ದರು. ಅಲ್ಲಿಂದಲೇ ಉಡುಪಿಗೆ ಬರುವವರು. ಆಲ್ಬಮ್ ತರುವುದು ನನ್ನ ಪಾಲಿಗೆ. ಬಿಡಿಸಿ ನೋಡಿದರೆ ಎಲ್ಲ ರೆಕ್ಕೆಯೂ ಹರಕು. ದೊಡ್ಡವರಿಗೆ ಇಂಥದ್ದನ್ನು ತೋರಿಸುವುದೇ? ಕೂತು ಒಂದೊಂದು ಕಚ್ಚಿಗೂ ಶಾಯಿ ತುಂಬಿದೆ. ಅಂಚುಗಳೆಲ್ಲ ನುಣ್ಣಗಾದವು. ಹೆಮ್ಮೆ ಬೇರೆ ಪಟ್ಟೆ, ನನ್ನ ಕೈ ಸೇದಿಹೋಗ!

ಅಧಿಕಾರಿ ಪುಟ ಮಗುಚಿ ನಕ್ಕರು. "ಎಲ್ಲ ಒಂದೇ ತರ ಉಂಟಲ್ರೀ! ಹನ್ನೊಂದು ಅಂತ ಹೇಗೆ ಹೇಳುತ್ತೀರಿ? ಸಾವಿರ ಇರಬಹುದು."

ಮಾಮ ಆಲ್ಬಮ್ಮನ್ನು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ನನ್ನನ್ನು ನೋಡಿದರು. ಇವಳು ಮಾಡಿದ್ದು ಎಂದಿದ್ದರೆ ಸಾಕಿತ್ತು. "ತಪ್ಪು ನನ್ನದು ಸರ್, ಬೇರೆ ಪ್ರಿಂಟ್ ತರುತ್ತೇನೆ" ಎಂದು ಎದ್ದರು. ನೆಗೆಟಿವ್ ತೋರಿಸಿ, ಕಚ್ಚುಗಳೇ ಅವುಗಳ ಮುಖವೆಂದು ಮರುದಿನ ಮೆತ್ತಗೆ ಹೇಳಿದರು.

ಹೊಸ ಪ್ರಿಂಟ್ ಹಿಡಿದು ನಾಲ್ಕು ಸಲ ಹೋದೆವು. ಆ ಮಹಾಶಯ ಬಾಗಿಲಿನಿಂದಲೇ "ನೋಡಿ ಆಯಿತಲ್ಲ" ಎಂದು ಸಾಗಹಾಕಿದ. ಹೌದು, ಇನ್ನು ಅವನಿಗೆ ಬಹುವಚನ ಕೊಡಲಾರೆ. ಇನ್ನೊಂದು ಸಲ ಪುಟ ತಿರುಗಿಸಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು?

ಮಳೆಗಾಲಕ್ಕೆ ಮೊದಲು ಹೆಜಮಾಡಿಯ ದಡಕ್ಕೆ ಒಂದು ಡಾಲ್ಫಿನ್ ಹೆಣ ಬಂತು, ಬಾಲಕ್ಕೆ ಬಲೆಯ ಹಗ್ಗ ಬಿಗಿದಿತ್ತು. ಮಾಮ ರೆಕ್ಕೆಯ ಪಕ್ಕ ಪ್ರಿಂಟ್ ಹಿಡಿದರು. ಮೂರು ಕಚ್ಚುಗಳೂ ಸರಿಹೊಂದಿದವು. "ಇನ್ನು ಹತ್ತು" ಎಂದರು.

ಎಂಬತ್ತಾರರಲ್ಲಿ ಅವರು ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದಾಗ ಉಳಿದದ್ದು ನಾಲ್ಕು. "ಮಾಮ, ಒಂದು ಸಲ ಬೈದುಬಿಡಿ" ಎಂದು ಅತ್ತುಬಿಟ್ಟೆ.

"ಎಂತಕ್ಕೆ ಬೈಯುವುದು? ನಾನು ಕಲಿಸಿದ್ದನ್ನೇ ನೀನು ಮಾಡಿದ್ದು, ಅಲ್ವಾ?"

ಮೂರನೆಯ ದಿನ ತೀರಿಹೋದರು. ಅಧಿಕಾರಿಯ ಮೇಲೆ, ಬಲೆಯವರ ಮೇಲೆ, ನನ್ನ ಮೇಲೆ ಸಿಟ್ಟು ಹಾಗೆಯೇ ಉಂಟು. ಮಾಮನ ಮೇಲೂ ಉಂಟು. ಬೈದಿದ್ದರೆ ಎದುರು ನಿಂತು ಕ್ಷಮೆ ಕೇಳುತ್ತಿದ್ದೆ. ಅದಕ್ಕೂ ಬಿಡಲಿಲ್ಲ ಅವರು.