ಯುದ್ಧ ನಿಂತ ದಿನ ಹುಟ್ಟಿದವಳು

ಮೊದಲ ಮಹಾಯುದ್ಧ ನಿಂತ ದಿನವೇ ನಾನು ಹುಟ್ಟಿದ್ದು. ನಮ್ಮ ಮನೆಯಲ್ಲಿ ಮಿಕ್ಕೆಲ್ಲ ದಿನಗಳನ್ನು ಪಂಚಾಂಗ ನೋಡಿ ಗೊತ್ತು ಮಾಡುತ್ತಿದ್ದರು; ನನ್ನ ಹುಟ್ಟುಹಬ್ಬ ಮಾತ್ರ ಇಂಗ್ಲಿಷ್ ತಾರೀಖಿನದು, ನವೆಂಬರ್ ಹನ್ನೊಂದು. ಅಪ್ಪ ಹುಬ್ಬಳ್ಳಿ ಪೇಟೆಯಲ್ಲಿ ಹತ್ತಿಯ ವ್ಯಾಪಾರಿ. ಹತ್ತಿಯ ಧಾರಣೆ ತಿಳಿಯಲು ಕಾದು ಕೂತವರಿಗೆ ಯುದ್ಧ ಮುಗಿದ ತಂತಿ ಬಂದ ಕಥೆಯನ್ನು ಅವರು ವರ್ಷಕ್ಕೊಮ್ಮೆ ಹೇಳಲೇಬೇಕು. ಅವ್ವ ಆ ಹೊತ್ತಿಗೆ ಎದ್ದು ಒಳಗೆ ಹೋಗುತ್ತಿದ್ದಳು. ಕೇಳಿ ಕೇಳಿ ಬೇಸತ್ತಿರಬೇಕು ಎಂದುಕೊಂಡಿದ್ದೆ.

ಪ್ರತಿ ವರ್ಷ ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಶಾಲೆಯ ಮಕ್ಕಳೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು, ಯುದ್ಧದಲ್ಲಿ ಸತ್ತವರಿಗಾಗಿ ಎರಡು ನಿಮಿಷ ಮೌನವಾಗಿರಬೇಕಿತ್ತು. "ನಿನ್ನ ಸಲುವಾಗಿನ ಎಲ್ಲಾರೂ ಸುಮ್ಮನ ನಿಂದರತಾರ ನೋಡು" ಎಂದು ಅಪ್ಪ ನಾನು ಸಣ್ಣವಳಿದ್ದಾಗ ಹೇಳಿದ್ದರು. ನಂಬಿದ್ದೆ. ನಿಜ ತಿಳಿದ ಮೇಲೂ ಹೆಮ್ಮೆಯೇನೂ ಕಡಿಮೆಯಾಗಿರಲಿಲ್ಲ. ಮಾಸ್ತರರು ತಲೆ ತಗ್ಗಿಸಿದಾಗ ನಾನು ಗೆಳತಿಯ ಕೈ ಚಿವುಟುತ್ತಿದ್ದೆ, ಅವಳು ನಗು ತಡೆಯಲು ತುಟಿ ಕಚ್ಚುತ್ತಿದ್ದಳು. ಅವಳು ನಮ್ಮ ಓಣಿಯಲ್ಲೇ ಪಾತ್ರೆಗಳಿಗೆ ಕಲಾಯಿ ಹಾಕುವವರ ಮಗಳು. ಅವಳಿಗೆ ಹೇಳದ ಮಾತು ನನ್ನಲ್ಲಿ ಒಂದೂ ಇರಲಿಲ್ಲ.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದ ವರ್ಷ, ಮೌನ ಮುಗಿದ ಕೂಡಲೇ ಶಾಲೆ ಬಿಟ್ಟರು. ಇಬ್ಬರೂ ಓಡುತ್ತ ಬಂದೆವು. ನಮ್ಮ ಮನೆಗೆ ಬೀಗ. ಪಕ್ಕದ ಮನೆಯ ಬಾಗಿಲಲ್ಲಿ ಗೆಳತಿಯ ತಾಯಿ ಅಕ್ಕಿ ಆರಿಸುತ್ತಿದ್ದರು. ಅವ್ವ ಎಲ್ಲಿ ಎಂದು ಕೇಳಿದೆ. ತಲೆ ಎತ್ತದೆಯೇ ಹೇಳಿದರು:

"ಉಣಕಲ್ಲಿಗೆ ಹೋಗ್ಯಾಳವ್ವಾ, ಅಕ್ಕನ ಸಮಾಧಿಗೆ. ವರ್ಷಾ ಇವತ್ತಿನ ದಿನ ಹೋಗ್ತಾಳಲ್ಲ."

"ಯಾವ ಅಕ್ಕ?"

ಅವರ ಕೈ ನಿಂತಿತು. ಮೊರ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ನಾನು ಗೆಳತಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ನಿನ್ನ ಹಡದಾಕಿ," ಎಂದಳು ಮೆಲ್ಲಗೆ. "ನೀ ಹುಟ್ಟಿದ ದಿನಾನ ತೀರಿಕೊಂಡ್ಲಂತ, ಆ ವರ್ಷ ಊರಿಗೆಲ್ಲಾ ಬಂದಿದ್ದ ಜ್ವರದಾಗ. ಈಗಿನಾಕಿ ನಿನ್ನ ಚಿಕ್ಕವ್ವ."

"ನಿನಗ ಯಾವಾಗಿಂದ ಗೊತ್ತೈತಿ?"

"ಸಣ್ಣಾಕಿದ್ದಾಗಿಂದ. ಅಮ್ಮೀ ಹೇಳಬ್ಯಾಡ ಅಂದಿದ್ಲು. ಓಣಿಗೆಲ್ಲಾ ಗೊತ್ತೈತಿ."

ಸತ್ತವಳ ಸುದ್ದಿಗಿಂತ ಆ ಕೊನೆಯ ಮಾತೇ ನನಗೆ ಹೆಚ್ಚು ತಾಗಿತು. ಹಾಲಿನವಳು, ಮಠದ ಅಯ್ಯನವರು, ಹುಟ್ಟುಹಬ್ಬಕ್ಕೆ ನನ್ನ ಕೆನ್ನೆ ಸವರಿ ಹೋಳಿಗೆ ತಿಂದು ಹೋಗುವ ನೆರೆಯವರು, ಎಲ್ಲರಿಗೂ ಗೊತ್ತಿತ್ತು. ವರ್ಷವರ್ಷವೂ ನಾನು ಹೊಸ ಲಂಗ ತೊಟ್ಟು ಅವರೆದುರು ಕುಣಿದಿದ್ದೆ.

ಕಟ್ಟೆಯ ಮೇಲೆ ಕೂತೆ. ಗೆಳತಿ ಪಕ್ಕದಲ್ಲಿ ಕೂರಲು ಬಂದಳು, ನಾನು ದೂರ ಸರಿದೆ. ಸ್ವಲ್ಪ ಹೊತ್ತಿಗೆ ಅವ್ವ ಟಾಂಗಾದಿಂದ ಇಳಿದಳು. ಕಣ್ಣು ಕೆಂಪಾಗಿದ್ದವು. ನನ್ನನ್ನು ಕಂಡು ಬಾಗಿಲ ಹತ್ತಿರವೇ ನಿಂತಳು.

"ಇಷ್ಟ ಲಗೂ ಯಾಕ ಬಂದಿ?"

"ನೀ ನನ್ನ ಅವ್ವ ಅಲ್ಲಂತ. ಖರೇನ?"

ಅವಳು ಬೀಗ ತೆಗೆದು ಒಳಗೆ ಹೋಗಿ ಕಣಕ ನಾದಲು ಕೂತಳು. ಆ ದಿನವೂ ಹೋಳಿಗೆ ಮಾಡಿದಳು.

ಸಂಜೆ ಅಪ್ಪ ಬಂದಾಗ ಅವರನ್ನೇ ಕೇಳಿದೆ. ಅವರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು.

"ತಾಯಿಲ್ಲದ ಕೂಸಂತ ನಿನಗ ಅನಸಬಾರದು ಅಂತ ಮಾಡಿದ್ವಿ."

"ಊರಿಗೆಲ್ಲಾ ಹೇಳೀರಿ. ನನಗೊಬ್ಬಾಕಿಗೆ ಬ್ಯಾಡಾಗಿತ್ತೇನ್ರಿ?"

"ಇವತ್ತ ಛಲೋ ದಿನ. ಅಳಬಾರದು. ಉಣ್ಣು ಬಾ."

ಉಣ್ಣಲಿಲ್ಲ. ನನ್ನನ್ನು ಹಡೆದವಳು ಹೇಗಿದ್ದಳು ಎಂದು ಕೇಳಿದೆ. "ನಿನ್ನಂಗ ಇದ್ಲು" ಎಂದು ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಮುಂದೆ ಬದುಕಿದಷ್ಟು ಕಾಲವೂ ಅವಳ ಬಗ್ಗೆ ಅಪ್ಪ ನನಗೆ ಹೇಳಿದ್ದು ಅಷ್ಟೇ. ತಂತಿಯ ಕಥೆಯನ್ನೂ ಮತ್ತೆ ಹೇಳಲಿಲ್ಲ. ಹೆಂಡತಿ ಸತ್ತ ದಿನ ಆ ತಂತಿಗಾಗಿ ಅವರು ನಿಜಕ್ಕೂ ಪೇಟೆಯಲ್ಲಿ ಕಾದು ಕೂತಿದ್ದರೇ, ಅಥವಾ ಅದೂ ನನಗಾಗಿ ಕಟ್ಟಿದ್ದೇ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಗೆಳತಿಯನ್ನು ಮರುದಿನದಿಂದ ಮಾತಾಡಿಸಲಿಲ್ಲ. ಮುಂದೆ ಅವಳ ನಿಕಾ ಗೊತ್ತಾದಾಗ ತಾನೇ ಬಂದು ಕರೆದಳು. ಹೋದೆ, ಉಂಡೆ, ನಕ್ಕೆ. ಮೊದಲಿನ ಮಾತು ಮಾತ್ರ ಇಬ್ಬರಿಗೂ ಬರಲಿಲ್ಲ.

ಮುಂದಿನ ವರ್ಷ ಅವ್ವನ ಜೊತೆ ನಾನೂ ಉಣಕಲ್ಲಿಗೆ ಹೋದೆ. ಕೆರೆಯ ಆಚೆ ನಮ್ಮ ಮನೆತನದ ಹೊಲದ ಮೂಲೆಯಲ್ಲಿ ಒಂದು ಚಿಕ್ಕ ಕಲ್ಲುಕಟ್ಟೆ. ಅವ್ವ ಅದನ್ನು ತೊಳೆದು ವಿಭೂತಿ ಹಚ್ಚಿ, ಹೂವಿಟ್ಟು ಅತ್ತಳು. ನನಗೆ ಅಳು ಬರಲಿಲ್ಲ. ಮುಖ ಕಂಡಿಲ್ಲ, ದನಿ ಕೇಳಿಲ್ಲ, ಯಾರಿಗೆಂದು ಅಳಬೇಕು? ಮೊದಲೇ ಹೇಳಿದ್ದರೆ ಇಷ್ಟು ಹೊತ್ತಿಗೆ ಅವಳನ್ನು ನನ್ನ ಮನಸ್ಸಿನಲ್ಲಿ ಒಂದಿಷ್ಟಾದರೂ ಕಟ್ಟಿಕೊಂಡಿರುತ್ತಿದ್ದೆ. ಅದನ್ನೂ ನನ್ನಿಂದ ಕಸಿದಿದ್ದರು.

"ಬೈಯೂದಿದ್ರ ಬೈ," ಎಂದಳು ಅವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಹಿಂಗ ಸುಮ್ಮನ ಇರಬ್ಯಾಡ."

"ಮನಿಗೆ ಹೋಗೋಣ ನಡಿ," ಎಂದೆ.

ಕೊನೆಯವರೆಗೂ ಅವಳನ್ನು ಅವ್ವ ಎಂದೇ ಕರೆದೆ. ಬೇರೆ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಆದರೆ ಕರೆಯುವ ಮುಂಚೆ ಪ್ರತಿ ಸಲವೂ ಒಂದು ಚೂರು ತಡವರಿಸುತ್ತಿದ್ದೆ. ಅದು ಅವಳಿಗೂ ತಿಳಿಯುತ್ತಿತ್ತು.