ಅತ್ತೆಯ ಬಿಳಿ ಲೋಟ

ಮೂರು ದಿನದಿಂದ ನನ್ನ ತಲೆಯೊಳಗೆ ಒಂದು ಲೋಟ ಕೂತುಬಿಟ್ಟಿದೆ. ಹಿಡಿ ಇರುವ ಬಿಳಿ ಪಿಂಗಾಣಿ ಲೋಟ, ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ಕೆಳಗಡೆ ಅತ್ತೆಯ ವರ್ಕ್‌ಶಾಪಿನ ಗೋಡೆಯಲ್ಲಿ, ಕಂಪ್ರೆಸರಿನ ಪಕ್ಕದ ಮೊಳೆಯಲ್ಲಿ ಅದರ ಜಾಗ. ಮೊನ್ನೆ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಅತ್ತೆಗೆ ಚಹಾ ಕೊಡಲು ಹೋದಾಗ ನೋಡಿದೆ: ಲೋಟದೊಳಗೆ ಜೇಡ ಬಲೆ ಕಟ್ಟಿತ್ತು.

ಬೇರೆಯವರಾಗಿದ್ದರೆ ಜೇಡ ತಾನೇ ಎಂದು ಸುಮ್ಮನಾಗುತ್ತಿದ್ದರು. ನಾನು, ಮಗು ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುವವಳು. ಅಲ್ಲದೆ ಆ ಲೋಟ ಯಾಕಿದೆ ಎಂದು ನನಗೆ ಗೊತ್ತಿತ್ತು.

ಅತ್ತೆ ಸೋಫಾ, ಕುರ್ಚಿಗಳಿಗೆ ಸ್ಪಂಜು ಕೂರಿಸಿ ಬಟ್ಟೆ ಹೊದಿಸುತ್ತಾರೆ. ಬೀದಿಯವರ ಬಾಯಲ್ಲಿ ಅವರು ಟಕಟಕಮ್ಮ. ಶುರುವಿನಲ್ಲಿ ಸಣ್ಣ ಮೊಳೆಗಳನ್ನು ಬಾಯಲ್ಲಿ ಹಿಡಿದುಕೊಂಡು, ಒಂದೊಂದನ್ನೇ ತೆಗೆದು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರಂತೆ. "ಆವಾಗ ನಮ್ಮತ್ತೆ ಏನಂದ್ರೂ ನಾನು ತಿರುಗಿ ಮಾತಾಡ್ತಿರ್ಲಿಲ್ಲ. ಒಳ್ಳೇ ಸೊಸೆ ಅಂತ ಹೆಸರು ಬಂತು. ಬಾಯಿ ತುಂಬ ಮೊಳೆ ಇತ್ತು ಕಣೇ!" ಎಂದು ನಗುತ್ತಾರೆ. ಆಮೇಲೆ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಬಂತು, ಆ ಗಾಳಿಯಲ್ಲಿ ಎರಡು ಕಾಲಿನ ಪಿನ್ನು ಹೊಡೆಯುವ ಗನ್ನು ಬಂತು. ಕಂಪ್ರೆಸರಿಗೆ ಅವರು ದೊಡ್ಡಮಗ ಎನ್ನುತ್ತಾರೆ. ಚಿಕ್ಕಮಗ, ಅಂದರೆ ನನ್ನ ಗಂಡ, ಇದಕ್ಕಿಂತ ಜಾಸ್ತಿ ತಿಂದು ಕಡಿಮೆ ಕೆಲಸ ಮಾಡುತ್ತಾನೆ ಎಂಬುದು ಅವರ ಖಾಯಂ ದೂರು.

ಬೆಳಿಗ್ಗೆ ಗನ್ನಿನ ಬಾಯಿಗೆ ಮೂರು ಹನಿ ಎಣ್ಣೆ ಬಿಡದೆ ಅವರು ಕೆಲಸ ಶುರು ಮಾಡುವವರಲ್ಲ. ಓದುವ ಕನ್ನಡಕದ ಮೇಲೆ ಇನ್ನೊಂದು ದಪ್ಪ ಕನ್ನಡಕ. ಪಿನ್ನು ಸಿಕ್ಕಿಕೊಂಡರೆ ಮೊದಲು ಗಾಳಿ ಪೈಪು ಬಿಡಿಸಿ, ಆಮೇಲೆಯೇ ಗನ್ನಿಗೆ ಬೆರಳು. ಹೊಸದರಲ್ಲಿ ಒಮ್ಮೆ ಪೈಪು ಬಿಡಿಸದೆ ಕೈ ಹಾಕಿದ್ದಕ್ಕೆ ಎಡಗೈ ಹೆಬ್ಬೆರಳಲ್ಲಿ ಎರಡು ಚುಕ್ಕೆ ಉಳಿದಿವೆ, ಹಾವು ಕಚ್ಚಿದ ಹಾಗೆ. ಸೀರೆಯ ಮೇಲಿನ ಧೂಳನ್ನು ಗಾಳಿ ಪೈಪಿನಲ್ಲಿ ಊದಿಕೊಳ್ಳಲು ಹೋದ ಗಿರಾಕಿಯೊಬ್ಬರ ಕೈಯಿಂದ ಪೈಪು ಕಿತ್ತುಕೊಂಡು, "ಕಣ್ಣು ಬೇಕೋ ಬೇಡ್ವೋ ನಿಮಗೆ?" ಎಂದು ಗದರಿದ್ದನ್ನು ನಾನೇ ನೋಡಿದ್ದೇನೆ.

ಇನ್ನು ಲೋಟ. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿರುವ ತೇವ ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಅಲ್ಲೇ ಬಿಟ್ಟರೆ ಒಳಗಿನಿಂದ ತುಕ್ಕು; ತುಕ್ಕು ಹಿಡಿದ ಟ್ಯಾಂಕು ಒಂದು ದಿನ ಒತ್ತಡ ತಡೆಯದೆ ಸಿಡಿಯಬಹುದು. ಅದಕ್ಕೇ ಅತ್ತೆ ದಿನಾ ಮಧ್ಯಾಹ್ನ ಮೂರಕ್ಕೆ ಸ್ವಿಚ್ಚು ಆರಿಸಿ, ಉಸ್ಸ್ ಎಂದು ಗಾಳಿ ಬಿಟ್ಟು, ಮೀಟರಿನ ಮುಳ್ಳು ಕೆಳಗಿಳಿದ ಮೇಲೆ ಟ್ಯಾಂಕಿನ ಹೊಟ್ಟೆಯಡಿಯ ಪುಟ್ಟ ನಲ್ಲಿ ತಿರುಗಿಸಿ ನೀರನ್ನು ಆ ಲೋಟಕ್ಕೆ ಹಿಡಿಯುತ್ತಿದ್ದರು. ಬಿಳಿ ಲೋಟ ಯಾಕೆಂದರೆ ಬಣ್ಣ ಗೊತ್ತಾಗಲಿ ಎಂದು.

ಮಧ್ಯಾಹ್ನ ಮೂರು ಪುಟ್ಟಿಯ ನಿದ್ದೆಯ ಹೊತ್ತು. ತೊಟ್ಟಿಲು ಸರಿಯಾಗಿ ಕಂಪ್ರೆಸರಿನ ಮೇಲಿನ ಕೋಣೆಯಲ್ಲಿ. ಟಕಟಕ ಸದ್ದಿಗೆ ಏಳದ ಮಗು ಆ ಉಸ್ಸ್‌ಗೆ ಬೆಚ್ಚಿ ಎದ್ದು ಸಂಜೆಯ ತನಕ ರಚ್ಚೆ ಹಿಡಿಯುತ್ತಿತ್ತು. ನಾನು ಗಂಡನಿಗೆ ಹೇಳಿದೆ, ಅವರು ಅಮ್ಮನಿಗೆ ಹೇಳಿದರು, ಮರುದಿನದಿಂದ ಉಸ್ಸ್ ನಿಂತಿತು. ನಾನು ಹಾಯಾಗಿದ್ದೆ. ಬೇರೆ ಹೊತ್ತಿನಲ್ಲಿ ನೀರು ಬಿಡುತ್ತಿರಬೇಕು ಎಂದುಕೊಂಡೆ. ಜೇಡ ಕಾಣುವ ತನಕ.

ಮೂರು ದಿನ ನುಂಗಿಕೊಂಡೆ. ಕೇಳಿದರೆ ತಪ್ಪು ನನ್ನ ತಲೆಗೇ ಬರುತ್ತದಲ್ಲ! ಇವತ್ತು ಊಟವಾದ ಮೇಲೆ ತಡೆಯಲಾಗಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ಕೆಳಗಿಳಿದು ಬಾಗಿಲಲ್ಲೇ ನಿಂತೆ.

"ಅತ್ತೆ, ಲೋಟದಲ್ಲಿ ಜೇಡ ಇದೆ."

"ಇರ್ಲಿ ಬಿಡು. ಬಾಡಿಗೆ ಕೇಳ್ತೀಯಾ?"

"ಅದಲ್ಲ. ಟ್ಯಾಂಕಿನ ನೀರು ಯಾವಾಗ ಬಿಟ್ಟಿದ್ದು?"

ಅತ್ತೆ ಗನ್ನಿನಿಂದ ಪೈಪು ಬಿಡಿಸಿ ಕೆಳಗಿಟ್ಟರು. "ನೀನು ಪಾರ್ಕಿಗೆ ಹೋಗೋದು ಯಾವಾಗ ನಿಲ್ಸಿದ್ದು?"

"ಬಿಸಿಲು ಜಾಸ್ತಿ ಆದಾಗ. ಒಂದು ತಿಂಗಳಾಯ್ತೇನೋ."

"ಹಂಗಾದ್ರೆ ಒಂದು ತಿಂಗಳಾಯ್ತು."

ನಾನು ಮಗುವನ್ನು ಕರೆದುಕೊಂಡು ಹೊರಗೆ ಹೋದಾಗ ನೀರು ಬಿಡುವುದು ಎಂದು ಅವರು ಲೆಕ್ಕ ಹಾಕಿದ್ದರು. ನಾನು ಬಿಸಿಲಿಗೆ ಹೆದರಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದೆ.

"ಇವತ್ತು ಹೋಗ್ತಾಳೆ, ನಾಳೆ ಹೋಗ್ತಾಳೆ ಅಂತ ಕಾಯ್ತಾ ಇದ್ದೆ. ಆಮೇಲೆ ಈ ಕುರ್ಚಿ ಕೆಲಸ ಬಂತು, ಮರ್ತೇ ಹೋಯ್ತು."

"ಬಾಯಿ ಬಿಟ್ಟು ಕೇಳ್ಬಾರ್ದಿತ್ತಾ ಅತ್ತೆ?"

"ನೀನೇನು ಬಾಯಿ ಬಿಟ್ಟು ಹೇಳಿದ್ಯಾ? ಗಂಡನ ಕೈಲಿ ಹೇಳಿ ಕಳ್ಸಿದ್ದೆ."

ಅತ್ತೆ ಸ್ವಿಚ್ಚು ಆರಿಸಿ ಗಾಳಿ ಬಿಟ್ಟರು. ಪುಟ್ಟಿ ನನ್ನ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡಳು. ಮುಳ್ಳು ಇಳಿಯಿತು. ಜೇಡವನ್ನು ಕಿಟಕಿಯ ಮೇಲೆ ಬಿಟ್ಟು, ಲೋಟ ಒರೆಸಿ, ನಲ್ಲಿ ತಿರುಗಿಸಿದರು. ಬಂದ ನೀರು ಹಳಸಿದ ಡಿಕಾಕ್ಷನ್ನಿನಂತಿತ್ತು. ಲೋಟ ತುಂಬಿ, ಬಕೆಟ್ಟಿಗೂ ಹರಿಯಿತು. ಬೆರಳಲ್ಲಿ ಅದ್ದಿ ತೆಗೆದರೆ ಕೆಂಪು ಚೂರುಗಳು.

"ಶುಕ್ರವಾರಕ್ಕೆ ಅರವತ್ತು ಕುರ್ಚಿ ಕೊಡ್ಬೇಕು," ಎಂದರು ಅತ್ತೆ, ನನಗಲ್ಲ, ಲೋಟಕ್ಕೆ. "ಇನ್ನು ಇಪ್ಪತ್ತೇ ಉಳಿದಿರೋದು. ಅದು ಮುಗಿದ ಮೇಲೆ ರಿಪೇರಿಯವರಿಗೆ ತೋರ್ಸೋಣ."

"ಬೇಡ ಅತ್ತೆ. ನೀವು ದಿನಾ ಇದಕ್ಕೆ ಒರಗಿಕೊಂಡ ಹಾಗೇ ಕೂರ್ತೀರ. ಮೇಲೆ ಪುಟ್ಟಿ ತೊಟ್ಟಿಲು."

ಅವರು ನನ್ನನ್ನೂ ಮಗುವನ್ನೂ ನೋಡಿದರು. ಆಮೇಲೆ ಪ್ಲಗ್ಗು ಕಿತ್ತು ವೈರನ್ನು ಸುತ್ತಿ ನನ್ನ ಕೈಗೇ ಕೊಟ್ಟರು.

"ಸರಿ. ಫೋನು ನೀನೇ ಮಾಡು. ಆ ಹೆಡ್‌ಮಾಸ್ಟರ ಹತ್ರ ಬೈಸ್ಕೊಂಡು ನನಗೆ ಸಾಕಾಗಿದೆ."

ಹೆಡ್‌ಮಾಸ್ಟರ್ ಎಂದರೆ ಕಂಪ್ರೆಸರ್ ರಿಪೇರಿಯವರು. ಟ್ಯಾಂಕು ಮುಟ್ಟುವ ಮೊದಲು ಎಲ್ಲರಿಗೂ ಪ್ರಶ್ನೆ ಕೇಳುತ್ತಾರೆ, ಉತ್ತರ ತಪ್ಪಿದರೆ ಗದರುತ್ತಾರೆ. ನನಗೋ ಗುರುತಿಲ್ಲದವರಿಗೆ ಫೋನು ಮಾಡುವುದೆಂದರೆ ಕೈ ಬೆವರುತ್ತದೆ, ಆಟೋದವರಿಗೂ ಮೆಸೇಜೇ. ಅತ್ತೆ ಆಗಲೇ ಪೆಟ್ಟಿಗೆಯ ತಳದಿಂದ ಹಳೇ ಸುತ್ತಿಗೆ ಹುಡುಕಿ, ಬಾಯಿ ತುಂಬ ಮೊಳೆ ತುಂಬಿಕೊಂಡಿದ್ದರು. ಇನ್ನು ಅವರನ್ನು ಏನು ಕೇಳಿದರೂ ಉತ್ತರವಿಲ್ಲ. ಪುಟ್ಟಿಯನ್ನು ಮೂಲೆಯ ಸ್ಪಂಜಿನ ರಾಶಿಯ ಮೇಲೆ ಕೂರಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ನಂಬರು ಒತ್ತಿದೆ.

"ಯಾರು?"

"ಟಕಟಕಮ್ಮನ ಸೊಸೆ, ಸರ್. ಟ್ಯಾಂಕಿನಿಂದ ತುಕ್ಕು ನೀರು ಬಂತು."

"ದಿನಾ ನೀರು ಬಿಡ್ತಾ ಇದ್ರಾ?"

ಬಿಡ್ತಾ ಇದ್ವಿ ಎನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲ ಸರ್. ಒಂದು ತಿಂಗಳಿಂದ ಬಿಟ್ಟಿಲ್ಲ. ಅತ್ತೆ ತಪ್ಪಲ್ಲ, ಮಗು ಏಳುತ್ತೆ ಅಂತ ನಿಲ್ಸಿದ್ದು ನಾನು."

ನಾನು ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡೆ.

"ಪ್ಲಗ್ಗು ತೆಗೆದಿದ್ದೀರಾ?"

"ನನ್ನ ಕೈಯಲ್ಲೇ ಇದೆ."

"ಗಾಳಿ ಪೂರ್ತಿ ಇಳಿದಿದೆಯಾ?"

"ಮುಳ್ಳು ಸೊನ್ನೇಲಿದೆ."

"ಪರ್ವಾಗಿಲ್ಲ, ಪಾಸು. ನಾಳೆ ಬೆಳಿಗ್ಗೆ ಬಂದು ಟ್ಯಾಂಕಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡ್ತೀನಿ. ಅಲ್ಲೀತನಕ ಯಾರೂ ಆನ್ ಮಾಡ್ಬೇಡಿ. ಅದೇನು ಸದ್ದು ಅಲ್ಲಿ?"

"ಅತ್ತೆ ಸುತ್ತಿಗೇಲಿ ಮೊಳೆ ಹೊಡೀತಿದ್ದಾರೆ."

"ಆ ಸದ್ದಿಗೆ ಮಗು ಏಳಲ್ವೇನಮ್ಮ?"

ತಿರುಗಿ ನೋಡಿದೆ. ಸ್ಪಂಜಿನ ರಾಶಿಯಲ್ಲಿ ಅರ್ಧ ಹುದುಗಿ, ಬಾಯಿ ತೆರೆದುಕೊಂಡು, ಪುಟ್ಟಿ ನಿದ್ದೆ ಹೋಗಿದ್ದಳು.

"ಇಲ್ಲ ಸರ್," ಎಂದೆ. "ಇಲ್ಲೇ ಮಲಗಿಬಿಟ್ಟಿದ್ದಾಳೆ."