ಸೀಮೆಸುಣ್ಣದಲ್ಲಿ ಬರೆದ ಇನ್‌ಅಡಿಕ್ವೇಟ್

ಮರಾಠಿ ಸೀಮೆಯ ಖಡಕಿಯಲ್ಲಿ ನೆಲೆಸಿದ ಶಿವರುದ್ರಪ್ಪನವರ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಒಂದು ಪದವನ್ನು ಮಾತ್ರ ಅರೆದು ಕುಡಿದಿದ್ದರು. ಡೇರೆ ಹೊಲಿಯುವ ಕಾರ್ಖಾನೆಯಲ್ಲಿ ಅವರದು ತಪಾಸಣೆಯ ಕೆಲಸ. ಹೊಲಿಗೆ ಗಟ್ಟಿಯಿದ್ದರೆ ಪಾಸ್, ಬಟ್ಟೆಯೇ ಹರಿದಿದ್ದರೆ ರಿಜೆಕ್ಟ್. ಎಲ್ಲ ಸರಿಯಿದ್ದು ಎಲ್ಲೋ ಒಂದು ಹೊಲಿಗೆ ಸಾಲದೆ ಹೋಗಿದ್ದರೆ ಅದರ ಮೇಲೆ ಸೀಮೆಸುಣ್ಣದಿಂದ 'ಇನ್‌ಅಡಿಕ್ವೇಟ್' ಎಂದು ಬರೆಯುತ್ತಿದ್ದರು. ಅಂಥ ಡೇರೆಯನ್ನು ಯಾರೂ ಮೂಲೆಗೆ ಎಸೆಯುತ್ತಿರಲಿಲ್ಲ. ಹೊಲಿದವನು ಒಯ್ದು, ಸರಿಮಾಡಿ, ಮತ್ತೆ ಅದೇ ಮೇಜಿಗೆ ತರುತ್ತಿದ್ದ. ತಪಾಸಣೆಯವರು ತಾವಾಗಿ ಎದ್ದುಹೋಗಿ ಕೇಳುವ ಪದ್ಧತಿ ಇರಲಿಲ್ಲ.

ಆ ಮಾತನ್ನು ಅವರು ಮನೆಯಲ್ಲಿ ಆಡಿದ್ದು ಒಂದೇ ಸಲ. ತಾಯಿಯಿಲ್ಲದ ಒಬ್ಬಳೇ ಮಗಳು ಅನುಜಾ, ತಾನು ಮೆಚ್ಚಿದ ಇಂದಾಪುರದ ಸ್ವಪ್ನಿಲ್‌ನನ್ನು ತೋರಿಸಲು ಕರೆತಂದ ದಿನ. ಹುಡುಗ ಲಕ್ಷಣವಾಗಿದ್ದ, ನಡತೆಯೂ ಒಳ್ಳೆಯದು. ನೌಕರಿ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಶಿವರುದ್ರಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ರೂಢಿಯ ಬಲದಿಂದ, "ಇನ್‌ಅಡಿಕ್ವೇಟ್" ಎಂದುಬಿಟ್ಟರು. ಹುಡುಗನ ಮುಖ ಕಪ್ಪಿಟ್ಟಿತು. ಅವನು ಕಲಿತ ಇಂಗ್ಲಿಷ್‌ನಲ್ಲಿ, ಎದುರು ಕೂತ ಮನುಷ್ಯನಿಗೆ ಹಾಗೆಂದರೆ ಯೋಗ್ಯತೆ ಇಲ್ಲದವನು ಎಂದೇ ಅರ್ಥ. ಇಬ್ಬರೂ ಚಹಾ ಮುಟ್ಟದೆ ಎದ್ದು ಹೋದರು.

ಶಿವರುದ್ರಪ್ಪ ಕಾದರು. ನೌಕರಿ ಕಾಯಂ ಮಾಡಿಕೊಂಡು ಬರಲಿ, ಆಗ ಪಾಸ್ ಎಂದರಾಯಿತು! ಎಂಥ ಹುಂಬತನ ನೋಡಿ. ಮದುವೆಗೆ ಕರೆಯಲು ಮಗಳು ಫೋನು ಮಾಡಿದಾಗಲೂ, "ಮೊದಲ ಅವನ್ನ ಕರಕೊಂಡ ಮನೀಗೆ ಬಾ" ಎಂದು ಇಟ್ಟುಬಿಟ್ಟರು. ಅವರಿಬ್ಬರೂ ಬರಲಿಲ್ಲ, ಮದುವೆಯಾಗಿ ಹತ್ತಿರದ ದೇಹೂ ರೋಡ್‌ನಲ್ಲಿ ಸಂಸಾರ ಹೂಡಿದರು. ಇವರು ಖಡಕಿಯಲ್ಲಿ ಒಂದು ಮುಷ್ಟಿ ಅಕ್ಕಿ ಬೇಯಿಸಿಕೊಂಡು, ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಟಿವಿಯ ಸದ್ದು ತಗ್ಗಿಸುತ್ತ ವರ್ಷಗಳನ್ನು ಕಳೆದರು. ಅಷ್ಟರಲ್ಲಿ ನಿವೃತ್ತಿಯೂ ಆಯಿತು. ಕೆಲವು ದಿನ ಹಾಲಿನವನ ಹೊರತು ಯಾರೊಡನೆಯೂ ಮಾತಿಲ್ಲ. ಮಗಳಿಲ್ಲದ ಮನೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಈ ಸಲ ಪಂಚಮಿ ಹಬ್ಬಕ್ಕೆ ತವರಿಗೆ ಬಂದ ಪಕ್ಕದ ಮನೆಯ ಮಗಳು, ಇವರಿಗೂ ಒಂದಿಷ್ಟು ಎಳ್ಳುಂಡಿ ಕೊಟ್ಟು ಹೋದಳು. ಒಂದನ್ನೂ ಅವರು ಬಾಯಿಗಿಡಲಿಲ್ಲ. ಡಬ್ಬಿಗೆ ಹಾಕಿಕೊಂಡು, ಇಷ್ಟು ವರ್ಷದ ಪದ್ಧತಿ ಮುರಿದು, ಮಗಳ ಊರಿನ ಲೋಕಲ್ ರೈಲು ಹತ್ತಿದರು.

ಬಾಗಿಲು ತೆರೆದವಳು ಅನುಜಾ. ಒಳಗೆ ಕರೆಯಲಿಲ್ಲ. ಅವರು ಹೊಸ್ತಿಲಾಚೆಯೇ ನಿಂತು ಮೇಜು, ಸೀಮೆಸುಣ್ಣ, ಮರಳಿ ಬರುವ ಡೇರೆ ಎಲ್ಲವನ್ನೂ ಹೇಳಿದರು.

"ಬ್ಯಾಡ ಅಂದಿದ್ದಿಲ್ಲವ್ವಾ. ಮತ್ತೊಮ್ಮೆ ಕರಕೊಂಡ ಬಾ ಅಂದಿದ್ದೆ."

"ಅದು ನಮಗ ಹೆಂಗ ತಿಳೀಬೇಕ್ರಿ ಅಪ್ಪಾ? ಮದುವಿ ದಿನಾ ಅಕ್ಕಿಕಾಳು ಬೀಳೂತನಕ ಬಾಗಲಾ ನೋಡಿಕೋತ ಕುಂತಿದ್ದೆ ನಾ."

ಅವಳು ಕೂತು ನೋಡಿದ ಆ ಬಾಗಿಲು ಅವರಿಗೆ ಈಗ ಕಂಡಿತು.

"ಕಡಿಮಿ ಬಿದ್ದಾಂವ ಅವನಲ್ಲವ್ವಾ," ಎಂದರು, "ನಾನು."

ಅನುಜಾ ಡಬ್ಬಿ ತೆಗೆದುಕೊಂಡಳು. ಯಾರು ಬಂದರೆಂದು ಒಳಗಿನಿಂದ ಸ್ವಪ್ನಿಲ್ ಮರಾಠಿಯಲ್ಲಿ ಕೇಳಿದ. ಅವಳು ಬಾಗಿಲು ಅರ್ಧ ಮುಂದೆಮಾಡಿ, ತಂದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇವತ್ತ ಬ್ಯಾಡ್ರಿ," ಎಂದಳು. "ಮತ್ತೊಮ್ಮೆ ಬರ್ರಿ."